ಎರಡು ವೇಫರ್, ಐವತ್ತು ಪಾಳಿ

ಮಲ್ಪೆ ಬಂದರಿನ ಆಸುಪಾಸಿನ ಐಸ್ ಪ್ಲಾಂಟುಗಳಂಥ ಕಡೆ, ಮುಳ್ಳಿನ ಹಳೇ ಗೇಜಿನ ಪಕ್ಕದಲ್ಲಿ ಒತ್ತಡ ಅಳೆದು ವಿದ್ಯುತ್ ಸಂಕೇತವಾಗಿ ಕಳಿಸುವ, ಹೆಬ್ಬೆರಳು ಗಾತ್ರದ ಒಂದು ಸ್ಟೀಲ್ ಟ್ರಾನ್ಸ್‌ಮಿಟರನ್ನೂ ತಿರುಪಿ ಕೂರಿಸುವುದುಂಟು. ಅದರೊಳಗೆ ಎರಡು-ಎರಡೂವರೆ ಮಿ.ಮೀ. ಅಗಲದ ಒಂದು ಸಿಲಿಕಾನ್ ಚೂರು ಇರುತ್ತದೆ. ಚೂರಿನ ನಡುವೆ ಒಂದು ತೆಳು ಪೊರೆ. ಅಮೋನಿಯಾದ ಒತ್ತಡಕ್ಕೆ ಆ ಪೊರೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಅಂಚಿನಲ್ಲಿ ಹುದುಗಿಸಿಟ್ಟ ನಾಲ್ಕು ರೆಸಿಸ್ಟರುಗಳ ಬೆಲೆ ಬದಲಾಗುತ್ತದೆ. ಆ ಬದಲಾವಣೆ ಕೊನೆಗೆ 4ರಿಂದ 20 ಮಿಲಿಆಂಪಿಯರ್ ಕರೆಂಟಾಗಿ ಹೊರಗೆ ಬರುತ್ತದೆ. ಮೆಮ್ಸ್ ಎಂದು ಕರೆಯುವ ಸೂಕ್ಷ್ಮ ವಿದ್ಯುತ್-ಯಾಂತ್ರಿಕ ಸಾಧನಗಳಲ್ಲಿ ಕಾರ್ಖಾನೆಗಳಿಗೆ ಅತಿ ಹೆಚ್ಚು ಬೇಕಾಗುವವುಗಳಲ್ಲಿ ಇದೂ ಒಂದು. ಮೊಬೈಲಿನ ಒಳಗಿನ ಮೆಮ್ಸ್ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ಕಾರ್ಖಾನೆಗೆ ಕೊಡುವ ಮೆಮ್ಸ್ ಬೇರೆಯೇ ಲೆಕ್ಕಾಚಾರದ ವ್ಯವಹಾರ. ಈ ಬರಹ ಅದರ ಕುರಿತು, ಮತ್ತು ಅದರಲ್ಲಿ ಮಂಗಳೂರು-ಉಡುಪಿಯಂಥ ಕಡೆ ಕೂತು ಯಾವ ಪಾಲನ್ನು ಮಾಡಬಹುದು ಎಂಬುದರ ಕುರಿತು.

ಮೊದಲು ಚಿಪ್ಪನ್ನೇ ನೋಡೋಣ. ಸಿಲಿಕಾನನ್ನು ಹಿಸುಕಿದರೆ ಅದರ ರೆಸಿಸ್ಟೆನ್ಸ್ ಲೋಹಗಳಿಗಿಂತ ಹತ್ತಾರು ಪಟ್ಟು ಹೆಚ್ಚು ಬದಲಾಗುತ್ತದೆ ಎಂದು ಬೆಲ್ ಲ್ಯಾಬ್ಸ್‌ನಲ್ಲಿ ಚಾರ್ಲ್ಸ್ ಸ್ಮಿತ್ ತೋರಿಸಿದ್ದು 1954ರಲ್ಲಿ. ಸಿಲಿಕಾನ್ ಬರೀ ಎಲೆಕ್ಟ್ರಾನಿಕ್ಸಿನ ವಸ್ತುವಲ್ಲ, ಸ್ಪ್ರಿಂಗ್ ಮಾಡಲೂ ಒಳ್ಳೆಯ ವಸ್ತು ಎಂದು ಕರ್ಟ್ ಪೀಟರ್ಸನ್ ವಿವರವಾಗಿ ಬರೆದದ್ದು 1982ರಲ್ಲಿ. ಉಕ್ಕನ್ನು ಮಿತಿ ಮೀರಿ ಬಾಗಿಸಿದರೆ ಬಾಗಿಯೇ ಉಳಿಯುತ್ತದೆ. ಸಾಮಾನ್ಯ ತಾಪಮಾನದಲ್ಲಿ ಸಿಲಿಕಾನಿಗೆ ಆ ನಡುವಿನ ಸ್ಥಿತಿ ಇಲ್ಲ. ಒಂದೋ ಪೂರ್ತಿ ಹಿಂದಕ್ಕೆ ಬರುತ್ತದೆ, ಇಲ್ಲವೇ ಒಡೆಯುತ್ತದೆ. ಲಕ್ಷಾಂತರ ಸಲ ಒತ್ತಿ ಬಿಟ್ಟ ಮೇಲೂ ಸೊನ್ನೆಗೆ ಮರಳಬೇಕಾದ ಸಾಧನಕ್ಕೆ ಇದಕ್ಕಿಂತ ಒಳ್ಳೆಯ ಗುಣ ಬೇಕಿಲ್ಲ.

ತಯಾರಿಕೆಯ ಹಾದಿ ಚುಟುಕಾಗಿ ಹೀಗೆ. 150 ಮಿ.ಮೀ. ವ್ಯಾಸದ, ಸುಮಾರು 675 ಮೈಕ್ರಾನ್ (ಮಿ.ಮೀ.ಯ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪದ, ಎರಡೂ ಬದಿ ನಯಗೊಳಿಸಿದ ವೇಫರನ್ನು, ಅಂದರೆ ಸಿಲಿಕಾನ್ ಬಿಲ್ಲೆಯನ್ನು, ಸಾವಿರ ಡಿಗ್ರಿ ಮೀರಿದ ಕುಲುಮೆಯಲ್ಲಿಟ್ಟು ಮೇಲೆ ಆಕ್ಸೈಡ್ ಬೆಳೆಸುತ್ತಾರೆ. ಬೆಳಕಿಗೆ ಸ್ಪಂದಿಸುವ ಫೋಟೊರೆಸಿಸ್ಟ್ ಎಂಬ ಲೇಪ ಬಳಿದು, ವಿನ್ಯಾಸ ಮೂಡಿಸಿದ ಮಾಸ್ಕಿನ ಮೂಲಕ ಬೆಳಕು ಹಾಯಿಸಿ, ರೆಸಿಸ್ಟರ್ ಬರಬೇಕಾದ ಜಾಗಕ್ಕೆ ಬೋರಾನ್ ಅಯಾನುಗಳನ್ನು ಹೊಗಿಸುತ್ತಾರೆ. ಬೋರಾನ್ ಕಡಿಮೆಯಾದರೆ ಸಂವೇದನೆ ಹೆಚ್ಚು, ಆದರೆ ತಾಪಮಾನಕ್ಕೂ ಅಷ್ಟೇ ಕುಣಿಯುತ್ತದೆ. ಹೆಚ್ಚಿಸಿದರೆ ಸ್ಥಿರ, ಆದರೆ ಸಂಕೇತ ಸಣ್ಣದು. ಮೇಲೆ ಅಲ್ಯುಮಿನಿಯಂ ತಂತು, ಅದರ ಮೇಲೆ ನೈಟ್ರೈಡ್ ಹೊದಿಕೆ. ಆಮೇಲೆ ಹಿಂಬದಿಯಿಂದ ಕೊರೆದು ಪೊರೆ ಬಿಡಿಸುವುದು. ಕಡೆಗೆ ವೇಫರನ್ನು ಬೋರೊಸಿಲಿಕೇಟ್ ಗಾಜಿನ ಮೇಲಿಟ್ಟು, 300ರಿಂದ 450 ಡಿಗ್ರಿ ಬಿಸಿಯಲ್ಲಿ ನೂರಾರು ವೋಲ್ಟ್ ಕೊಟ್ಟರೆ ಅಂಟೇ ಇಲ್ಲದೆ ಎರಡೂ ಬೆಸೆಯುತ್ತವೆ. ಗಾಜು ಮತ್ತು ಸಿಲಿಕಾನ್ ಬಿಸಿಗೆ ಹಿಗ್ಗುವ ಪ್ರಮಾಣ ಹತ್ತಿರ ಹತ್ತಿರ ಇರಬೇಕು. ಬೇರೆ ಜಾತಿಯ ಗಾಜು ತಂದರೆ ತಣಿಯುವಾಗಲೇ ಬಿರುಕು ಬಿಡುತ್ತದೆ.

ಕೊರೆಯುವ ಹಂತದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಚಿಪ್ಪಿನ ಗಾತ್ರವನ್ನೂ ಮುಂದೆ ಬರುವ ತೊಂದರೆಗಳನ್ನೂ ತೀರ್ಮಾನಿಸುವುದು ಇದೇ. ಬಿಸಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಸಿಲಿಕಾನನ್ನು ಎಲ್ಲ ದಿಕ್ಕಿನಲ್ಲೂ ಒಂದೇ ವೇಗದಲ್ಲಿ ತಿನ್ನುವುದಿಲ್ಲ. 80 ಡಿಗ್ರಿಯಲ್ಲಿ ಆಳಕ್ಕೆ ನಿಮಿಷಕ್ಕೆ ಸುಮಾರು ಒಂದು ಮೈಕ್ರಾನಿನಂತೆ ಇಳಿಯುತ್ತದೆ, ಪಕ್ಕದ ಗೋಡೆ ಮಾತ್ರ 54.7 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಹಾಗಾಗಿ ಕೆಳಗೆ 1 ಮಿ.ಮೀ. ಪೊರೆ ಬೇಕಾದರೆ ಮೇಲಿನ ಬಾಯಿ ಎಷ್ಟಿರಬೇಕೆಂದು ಲೆಕ್ಕ ಹಾಕಿ: ಆಳದ 1.414 ಪಟ್ಟನ್ನು ಕೂಡಿಸಬೇಕು. 650 ಮೈಕ್ರಾನ್ ಆಳಕ್ಕೆ 919 ಮೈಕ್ರಾನ್ ಹೆಚ್ಚು, ಅಂದರೆ ಬಾಯಿ 1.92 ಮಿ.ಮೀ. ಸುತ್ತ ಗಾಜಿಗೆ ಅಂಟಲು ಅಂಚು ಬಿಟ್ಟರೆ ಚಿಪ್ಪು ಎರಡೂವರೆ ಮಿ.ಮೀ. ಆಗಿಯೇ ಹೋಗುತ್ತದೆ. ಬಾಷ್ ಕಂಪನಿಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ಪ್ಲಾಸ್ಮಾ ವಿಧಾನದಲ್ಲಿ ಒಂದು ಅನಿಲ ಕೆಲವು ಸೆಕೆಂಡು ಕೊರೆಯುತ್ತದೆ, ಇನ್ನೊಂದು ಕೆಲವು ಸೆಕೆಂಡು ಗೋಡೆಗೆ ಲೇಪ ಹಾಕುತ್ತದೆ, ಹೀಗೆ ಸರದಿಯಲ್ಲಿ. ಗೋಡೆ ನೆಟ್ಟಗೆ ಬರುತ್ತದೆ, ಚಿಪ್ಪು ಕುಗ್ಗುತ್ತದೆ. ಆದರೆ ಯಂತ್ರ ದುಬಾರಿ, ಒಂದು ಸಲಕ್ಕೆ ಒಂದೇ ವೇಫರ್. ದ್ರಾವಣದ ತೊಟ್ಟಿಯಲ್ಲಿ 25 ವೇಫರುಗಳನ್ನು ಒಟ್ಟಿಗೆ ಇಳಿಸಬಹುದು.

ತೊಟ್ಟಿಯಲ್ಲಿ ಕೆಡುವುದೂ ಹಲವು ರೀತಿ. ಕೊರೆಯುವಾಗ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ. ಅವು ಮೇಲ್ಮೈಗೆ ಅಂಟಿ ನಿಂತರೆ ಅಡಿಯಲ್ಲಿ ಸಣ್ಣ ಸಣ್ಣ ಗೋಪುರಗಳು ಉಳಿಯುತ್ತವೆ. ತೊಟ್ಟಿಯ ಒಂದು ಮೂಲೆ ಒಂದು ಡಿಗ್ರಿ ಬಿಸಿ ಹೆಚ್ಚಿದ್ದರೂ ಆ ಬದಿಯ ಪೊರೆ ತೆಳುವಾಗುತ್ತದೆ. ಪೊರೆಯ ಸಂವೇದನೆ ಅದರ ದಪ್ಪದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. 1 ಬಾರ್ (ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡದಷ್ಟು) ಅಳೆಯುವ ಚಿಪ್ಪಿಗೆ 1 ಮಿ.ಮೀ. ಅಗಲದಲ್ಲಿ ಸುಮಾರು 25 ಮೈಕ್ರಾನ್ ಪೊರೆ ಬೇಕು. ಅದರಲ್ಲಿ ಒಂದು ಮೈಕ್ರಾನ್ ಹೆಚ್ಚುಕಡಿಮೆಯಾದರೆ ಶೇ. 8ರಷ್ಟು ವ್ಯತ್ಯಾಸ. 25 ಬಾರಿನ ಚಿಪ್ಪಿಗೆ ಪೊರೆ 100 ಮೈಕ್ರಾನಿನ ಆಸುಪಾಸು ಇರುವುದರಿಂದ ಅದೇ ತಪ್ಪಿಗೆ ಶೇ. 2 ಮಾತ್ರ. ಕಡಿಮೆ ಒತ್ತಡದ ಸೆನ್ಸರುಗಳು ಯಾಕೆ ದುಬಾರಿ ಎಂದು ಕೇಳುವ ಗ್ರಾಹಕರಿಗೆ ಈ ಎರಡು ಅಂಕಿ ತೋರಿಸಿದರೆ ಸಾಕಾಗುತ್ತದೆ. ಇನ್ನೊಂದು ಸಂಗತಿ: ಪೊಟ್ಯಾಸಿಯಂ ಅಯಾನು ಟ್ರಾನ್ಸಿಸ್ಟರುಗಳ ಆಕ್ಸೈಡಿನೊಳಗೆ ಹೊಕ್ಕರೆ ಅಲ್ಲಿ ಅಲೆದಾಡುತ್ತಾ ಇರುತ್ತದೆ. ಅದಕ್ಕೇ ಸಾಮಾನ್ಯ ಚಿಪ್ ಕಾರ್ಖಾನೆಗಳು ಈ ದ್ರಾವಣದಲ್ಲಿ ಮುಳುಗಿದ ವೇಫರನ್ನು ತಮ್ಮ ಕುಲುಮೆಯ ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಎರಡೂವರೆ ಮಿ.ಮೀ. ಚಿಪ್ಪಾದರೆ ಒಂದು 150 ಮಿ.ಮೀ. ವೇಫರಿನಲ್ಲಿ ಎರಡು ಸಾವಿರಕ್ಕಿಂತ ಹೆಚ್ಚು ಹಿಡಿಯುತ್ತವೆ. ಕಾರ್ಖಾನೆಗಳಿಗೆ ಟ್ರಾನ್ಸ್‌ಮಿಟರ್ ಮಾಡಿ ಕೊಡುವ ಸಾಧಾರಣ ಕಂಪನಿಯೊಂದಕ್ಕೆ ಒಂದು ನಮೂನೆಯಲ್ಲಿ ವರ್ಷಕ್ಕೆ ಮೂರು ಸಾವಿರ ಬೇಕೆಂದುಕೊಳ್ಳಿ. ಹಾಳಾದದ್ದನ್ನು ಕಳೆದರೂ ಎರಡು ವೇಫರಿನಲ್ಲಿ ವರ್ಷ ಮುಗಿಯಿತು. ಆದರೆ ಫ್ಯಾಬು, ಅಂದರೆ ಚಿಪ್ ಮಾಡುವ ಕಾರ್ಖಾನೆ, ಓಡುವುದು 25 ವೇಫರಿನ ಲಾಟಿನಲ್ಲಿ. ಒಂದು ಲಾಟ್ ಹಾಕಿಸಿದರೆ ಐವತ್ತು ಸಾವಿರ ಚಿಪ್ಪು, ಹದಿನಾರು ವರ್ಷಕ್ಕೆ ಆಗುವಷ್ಟು ದಾಸ್ತಾನು. ಮೊಬೈಲ್ ಕಂಪನಿಗೆ ಇದು ಒಂದು ಮಧ್ಯಾಹ್ನದ ಖರ್ಚು; ಕಾರ್ಖಾನೆಯ ಗ್ರಾಹಕನಿಗೆ ಪೂರೈಸುವವನಿಗೆ ಇದು ತಲೆನೋವು. ಅದರ ಮೇಲೆ, ಕಾರ್ಖಾನೆಯವರು ಹತ್ತು-ಹದಿನೈದು ವರ್ಷ ಅದೇ ನಮೂನೆ ಸಿಗಬೇಕು ಎನ್ನುತ್ತಾರೆ. ಅಂಟು ಬದಲಾಯಿಸಿದರೂ, ತಂತಿಯ ಕಂಪನಿ ಬದಲಾದರೂ ಮೊದಲೇ ಲಿಖಿತ ತಿಳಿವಳಿಕೆ ಕೊಡಬೇಕು. ಹಾಗಾಗಿ ಈ ವ್ಯವಹಾರದಲ್ಲಿ ಸಾಮಾನ್ಯವಾಗಿ ಚಿಪ್ಪನ್ನು ಬೇರೆಯವರ ಫ್ಯಾಬಿನಿಂದ, ಈಗಾಗಲೇ ಇರುವ ನಮೂನೆಗಳಲ್ಲಿ ಆರಿಸಿ, ಕತ್ತರಿಸಿದ ವೇಫರಾಗಿ ನೀಲಿ ಟೇಪಿನ ಚೌಕಟ್ಟಿನ ಮೇಲೆ ತರಿಸಿಕೊಳ್ಳುವುದು. ಉಳಿದ ದಾಸ್ತಾನು ನೈಟ್ರೋಜನ್ ಕಪಾಟಿನಲ್ಲಿ.

ಇಲ್ಲಿಗೆ ವೇಫರಿನ ಕೆಲಸ ಮುಗಿಯಿತು. ಖರ್ಚಿನ ದೊಡ್ಡ ಪಾಲು, ತೊಂದರೆಯ ಇನ್ನೂ ದೊಡ್ಡ ಪಾಲು, ಎರಡೂ ಇನ್ನು ಮುಂದೆ.

ಯಾವ ಮೆಮ್ಸ್ ಬೇಕಾದರೂ ಹೀಗೆ ತಂದು ಇಲ್ಲಿ ಜೋಡಿಸಬಹುದೇ ಎಂದರೆ, ಇಲ್ಲ. ಬೇರಿಂಗಿನ ಕಂಪನ ಅಳೆಯುವ ಆಕ್ಸೆಲೆರೊಮೀಟರನ್ನೇ ನೋಡಿ. ಅದರೊಳಗೆ ಬಾಚಣಿಗೆಯ ಹಲ್ಲುಗಳಂಥ ರಚನೆ, ಹಲ್ಲು ಹಲ್ಲಿನ ನಡುವೆ ಒಂದೆರಡು ಮೈಕ್ರಾನ್ ಸಂದು. ಅಡಿಯ ಆಕ್ಸೈಡನ್ನು ಕರಗಿಸಿ ಹಲ್ಲುಗಳನ್ನು ಬಿಡಿಸುವಾಗ ನೀರಿನ ಒಂದು ಪದರ ಉಳಿದರೂ, ಅದು ಒಣಗುತ್ತಾ ಹಲ್ಲುಗಳನ್ನು ಎಳೆದು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಆಮೇಲೆ ಬಿಡಿಸಲು ಬರುವುದಿಲ್ಲ. ಅದಕ್ಕಾಗಿ ದ್ರವದ ಬದಲು ಹೈಡ್ರೊಫ್ಲೋರಿಕ್ ಆಸಿಡ್ಡಿನ ಆವಿ ಬಳಸುತ್ತಾರೆ, ಇಲ್ಲವೇ 31 ಡಿಗ್ರಿ, 74 ಬಾರ್ ದಾಟಿಸಿದ ಕಾರ್ಬನ್ ಡೈಆಕ್ಸೈಡಿನಲ್ಲಿ ಒಣಗಿಸುತ್ತಾರೆ. ಬಿಡಿಸಿದ ಮೇಲೆ ಕತ್ತರಿಸುವ ಗರಗಸದ ನೀರೂ ಧೂಳೂ ಅದಕ್ಕೆ ತಾಗಬಾರದು, ಹಾಗಾಗಿ ವೇಫರಿನ ಹಂತದಲ್ಲೇ ಮೇಲೊಂದು ಮುಚ್ಚಳ ಬೆಸೆಯಬೇಕು. ಅಂದರೆ ಪ್ಯಾಕೇಜಿಂಗಿನ (ಚಿಪ್ಪಿಗೆ ಕವಚ ತೊಡಿಸುವ ಕೆಲಸದ) ಅತಿ ಸೂಕ್ಷ್ಮ ಭಾಗವೇ ಫ್ಯಾಬಿನೊಳಗೆ ಮುಗಿದಿರುತ್ತದೆ. ಹೊರಗಿನವರಿಗೆ ಉಳಿಯುವುದು ಬೋರ್ಡಿಗೆ ಬೆಸುಗೆ ಹಾಕುವಷ್ಟು. ಒತ್ತಡದ ಚಿಪ್ಪು ಹಾಗಲ್ಲ. ಅದರ ಬೆಲೆಯೆಲ್ಲ ಹೊರಗಿನ ಕೆಲಸದಲ್ಲಿದೆ. ಕರಾವಳಿಯಲ್ಲಿ ಇಂಥ ಘಟಕ ಮಾಡುವವರು ಒತ್ತಡದಿಂದಲೇ ಶುರು ಮಾಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಫ್ಯಾಬಿನ ಒಳಗಿನ ಕೆಲಸ ಕೈಯಲ್ಲಿ ಮಾಡಿ ಕಲಿಯಬೇಕೆನ್ನುವವರಿಗೆ ಬೆಂಗಳೂರಿನ ಐಐಎಸ್‌ಸಿಯ ನ್ಯಾನೊ ವಿಜ್ಞಾನ ಕೇಂದ್ರ ಹೊರಗಿನವರಿಗೂ ತೆರೆದಿದೆ. ಸುರತ್ಕಲ್ಲಿನ ಎನ್‌ಐಟಿಕೆ, ಮಣಿಪಾಲದ ಎಂಐಟಿ ಎರಡೂ ಕೂಗಳತೆಯಲ್ಲಿರುವಾಗ ಜನರ ಕೊರತೆ ಬರಬಾರದು.

ಆದರೆ ಮೊದಲ ಎದುರಾಳಿ ಗಾಳಿ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ. ಜುಲೈಯ ಒಂದು ದಿನ 28 ಡಿಗ್ರಿ, ಶೇ. 90 ತೇವ ಎಂದುಕೊಂಡರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿರುತ್ತದೆ. ಜೋಡಣೆಯ ಕೋಣೆಗೆ ಬೇಕಾದ್ದು 22 ಡಿಗ್ರಿ, ಶೇ. 45, ಅದರಲ್ಲಿ 9 ಗ್ರಾಮಿಗಿಂತ ಕಡಿಮೆ. ಗಂಟೆಗೆ 5,000 ಘನ ಮೀಟರ್ ಹೊಸ ಗಾಳಿ ಒಳಗೆ ತರುವ ಸಣ್ಣ ಘಟಕವೂ ಗಂಟೆಗೆ 75-80 ಲೀಟರ್ ನೀರನ್ನು ಗಾಳಿಯಿಂದ ಹಿಂಡಿ ತೆಗೆಯಬೇಕು. ಅದಕ್ಕೆ ಗಾಳಿಯನ್ನು 8-9 ಡಿಗ್ರಿಗೆ ಇಳಿಸಿ ಮತ್ತೆ ಬಿಸಿ ಮಾಡಬೇಕು. ಆಫೀಸಿಗೆ ಹಾಕುವ ಸ್ಪ್ಲಿಟ್ ಏಸಿ ಗೋಡೆಗೆ ನೇತುಹಾಕಿ ಕ್ಲೀನ್‌ರೂಮ್ ಎಂದರೆ ಕೋಣೆ ತಂಪಾಗುತ್ತದೆಯೇ ಹೊರತು ಬೇಕಾದಷ್ಟು ಒಣಗುವುದಿಲ್ಲ. ಪ್ಯಾಕೇಜಿಂಗಿಗೆ ಫ್ಯಾಬಿನಷ್ಟು ಶುದ್ಧ ಗಾಳಿ ಬೇಡ. ಐಎಸ್‌ಒ 7ನೇ ದರ್ಜೆ, ಅಂದರೆ ಘನ ಮೀಟರಿಗೆ ಅರ್ಧ ಮೈಕ್ರಾನ್ ಮತ್ತು ಮೇಲಿನ ಕಣ 3,52,000 ಮೀರದಿದ್ದರೆ ನಡೆಯುತ್ತದೆ. ಧೂಳಿಗಿಂತ ತೇವ, ತೇವಕ್ಕಿಂತ ತೇವದ ಜೊತೆ ಬರುವ ಉಪ್ಪು ಇಲ್ಲಿ ಹೆಚ್ಚು ಕಾಡುತ್ತದೆ. ಪಣಂಬೂರು, ಮಲ್ಪೆಯ ಉಪ್ಪುಗಾಳಿಯಲ್ಲಿ ಏಸಿಯ ಹೊರಘಟಕದ ಫಿನ್ನುಗಳೇ ಎಷ್ಟು ಬೇಗ ಪುಡಿಯಾಗುತ್ತವೆಂದು ಊರಿನ ಮೆಕ್ಯಾನಿಕ್ಕುಗಳಿಗೆ ಗೊತ್ತು. ಒಳಬರುವ ಗಾಳಿಯ ಫಿಲ್ಟರು ಉಪ್ಪಿನ ಸೂಕ್ಷ್ಮ ಹನಿಗಳನ್ನೂ ಹಿಡಿಯುವಂಥದ್ದಾಗಿರಬೇಕು, ಗಾಳಿ ತಣಿಸುವ ಕೊಳವೆಗಳ ಸುರುಳಿಗೆ (ಕಾಯಿಲ್) ಲೇಪ ಇರಬೇಕು.

ಉಪ್ಪು ಏನು ಮಾಡುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಚಿಪ್ಪಿನ ನಾಲ್ಕು ರೆಸಿಸ್ಟರುಗಳು ತಲಾ 5 ಕಿಲೊಓಮ್ ಇದ್ದು, ಚೌಕದ ನಾಲ್ಕು ತೋಳುಗಳಂತೆ ಬ್ರಿಜ್ಜಾಗಿ ಜೋಡಿಸಲ್ಪಟ್ಟಿವೆ. ಪೂರ್ಣ ಒತ್ತಡದಲ್ಲಿ ಅದು ಕೊಡುವ ಸಂಕೇತ ಪೂರೈಕೆ ವೋಲ್ಟೇಜಿನ ಶೇ. 2. ಈಗ ಯಾವುದೋ ಎರಡು ಪಿನ್ನುಗಳ ನಡುವೆ ಬೆರಳಚ್ಚಿನ ಬೆವರು ತೇವ ಕುಡಿದು 10 ಮೆಗಾಓಮಿನ ಸೋರಿಕೆ ಹಾದಿ ಮಾಡಿತೆನ್ನಿ. ಮಲ್ಟಿಮೀಟರಿನಲ್ಲಿ ನೋಡಿದರೆ 10 ಮೆಗಾಓಮ್ ಚೆನ್ನಾಗಿಯೇ ಕಾಣುತ್ತದೆ. ಆದರೆ 5 ಕಿಲೊಓಮಿನ ಒಂದು ತೋಳಿಗೆ ಅದು ಸಮಾಂತರವಾಗಿ ಕೂತರೆ ತೋಳಿನ ಬೆಲೆ ಶೇ. 0.05ರಷ್ಟು ಇಳಿಯುತ್ತದೆ, ಹೊರಬರುವ ಸಂಕೇತದಲ್ಲಿ ಅದು ಪೂರ್ಣ ಅಳತೆಯ ಶೇ. 0.6ರಷ್ಟು ತಪ್ಪು. ಶೇ. 0.25 ನಿಖರತೆ ಎಂದು ಲೇಬಲ್ ಹಚ್ಚಿದ ಸಾಧನ ಒಂದು ಬೆರಳಚ್ಚಿನಿಂದ ಕೆಟ್ಟುಹೋಯಿತು. ಬಿಸಿಲು ಬಿದ್ದ ದಿನ ಸರಿಯಾಗುತ್ತದೆ, ಮಳೆ ಹಿಡಿದಾಗ ಮತ್ತೆ ತಪ್ಪುತ್ತದೆ. ಅದಕ್ಕೇ ಪ್ರತಿ ಹಂತದ ಮೇಲೂ ಅಯಾನುರಹಿತ ನೀರಿನಲ್ಲಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಒಲೆಯಲ್ಲಿ ಒಣಗಿಸಿ, ಮುಂದಿನ ಹಂತದವರೆಗೆ ಒಣ ಕಪಾಟಿನಲ್ಲಿಡುವುದು.

ಜೋಡಣೆ ಶುರುವಾಗುವುದು ಹೆಡರಿನಿಂದ. ಸುಮಾರು 19 ಮಿ.ಮೀ. ವ್ಯಾಸದ ಸ್ಟೀಲ್ ಬಿಲ್ಲೆ, ಅದರ ಮೂಲಕ ಗಾಜಿನಲ್ಲಿ ಕೂರಿಸಿದ ಪಿನ್ನುಗಳು. ಗಾಜಿನ ಸುತ್ತ ಬಿರುಕಿದೆಯೇ ಎಂದು ಬಂದ ಮಾಲನ್ನೇ ಹೀಲಿಯಂ ಹಾಯಿಸಿ ನೋಡಬೇಕು. ಚಿಪ್ಪನ್ನು ಬಿಲ್ಲೆಗೆ ಅಂಟಿಸುವಾಗ ಗಟ್ಟಿ ಎಪಾಕ್ಸಿ ಹಾಕುವ ಆಸೆಯಾಗುತ್ತದೆ, ಏಕೆಂದರೆ ಬೇಗ ಕೂರುತ್ತದೆ. ಹಾಕಬಾರದು. ಗ್ರಾಹಕ ಸ್ಪ್ಯಾನರ್ ಹಿಡಿದು ಬಿಗಿದಾಗ ಸ್ಟೀಲ್ ತಿರುಚಿದ್ದೆಲ್ಲ ಗಟ್ಟಿ ಅಂಟಿನ ಮೂಲಕ ಚಿಪ್ಪಿಗೆ ತಲುಪುತ್ತದೆ, ಬಿಗಿದಷ್ಟೂ ಸೊನ್ನೆ ಸರಿಯುತ್ತದೆ. ಮೆತ್ತನೆಯ ಸಿಲಿಕೋನ್ ಅಂಟು, ನೂರು ಮೈಕ್ರಾನಿನ ಹತ್ತಿರದ ದಪ್ಪದಲ್ಲಿ, ನಾಲ್ಕೂ ಮೂಲೆ ಸಮವಾಗಿ ಇರಬೇಕು. ಗಾಳಿಯ ತೇವದಿಂದ ಗಟ್ಟಿಯಾಗುವ ಜಾತಿಯ ಸಿಲಿಕೋನ್ ನಮ್ಮ ಮಳೆಗಾಲದಲ್ಲಿ ಹೊರಗೆ ಬೇಗ ಕೆನೆಗಟ್ಟಿ ಒಳಗೆ ಹಸಿಯಾಗಿ ಉಳಿಯುತ್ತದೆ. ಒಲೆಯಲ್ಲಿ ಗಟ್ಟಿಯಾಗುವ ಪ್ಲಾಟಿನಂ ಜಾತಿಯದ್ದು ಒಳ್ಳೆಯದು, ಆದರೆ ಗಂಧಕ ತಾಗಿದರೆ ಅದು ಗಟ್ಟಿಯಾಗುವುದೇ ಇಲ್ಲ. ಲೇಟೆಕ್ಸ್ ಗ್ಲೌಸ್ ಹಾಕಿಕೊಂಡು ಮುಟ್ಟಿದರೂ ಸಾಕು, ಒಂದು ಟ್ರೇ ಪೂರ್ತಿ ಅಂಟಂಟಾಗಿ ಉಳಿಯುತ್ತದೆ.

ಚಿಪ್ಪಿನಿಂದ ಪಿನ್ನಿಗೆ 25 ಮೈಕ್ರಾನಿನ ಚಿನ್ನದ ತಂತಿ. ಪ್ರತಿ ಪಾಳಿಯ ಆರಂಭದಲ್ಲಿ ಕೆಲವು ತಂತಿಗಳನ್ನು ಕೊಕ್ಕೆಯಲ್ಲಿ ಎಳೆದು ನೋಡುತ್ತಾರೆ. 3 ಗ್ರಾಂ ಬಲಕ್ಕಿಂತ ಕಡಿಮೆಯಲ್ಲಿ ಕಿತ್ತು ಬರಬಾರದು. ಎಷ್ಟರಲ್ಲಿ ಕಿತ್ತಿತು ಎಂಬುದಕ್ಕಿಂತ ಎಲ್ಲಿ ಕಿತ್ತಿತು ಎಂಬುದನ್ನು ಬರೆದಿಡುವುದು ಮುಖ್ಯ. ತಂತಿ ನಡುವೆ ತುಂಡಾದರೆ ಒಳ್ಳೆಯದು. ಚಿಪ್ಪಿನ ಪ್ಯಾಡಿನಿಂದ ಎದ್ದು ಬಂದರೆ ಪ್ಯಾಡ್ ಕೊಳಕಾಗಿದೆ ಎಂದರ್ಥ.

ಇನ್ನು ಎಣ್ಣೆ. ಅಮೋನಿಯಾವೋ ಫರ್ನೇಸ್ ಆಯಿಲ್ಲೋ ನೇರವಾಗಿ ಸಿಲಿಕಾನ್ ಮತ್ತು ತಂತಿಯನ್ನು ಮುಟ್ಟಬಾರದು. ಹಾಗಾಗಿ ಮುಂದೆ 25ರಿಂದ 50 ಮೈಕ್ರಾನ್ ದಪ್ಪದ, ಉಂಗುರ ಉಂಗುರವಾಗಿ ಅಲೆಗಳಿರುವ ಸ್ಟೀಲ್ ಹಾಳೆಯನ್ನು ಬೆಸೆದು, ಹಾಳೆ ಮತ್ತು ಚಿಪ್ಪಿನ ನಡುವಿನ ಜಾಗಕ್ಕೆ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಎಣ್ಣೆ ಡಿಗ್ರಿಗೆ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಒಳಗೆ 100 ಘನ ಮಿ.ಮೀ. ಎಣ್ಣೆ ಇದ್ದು 50 ಡಿಗ್ರಿ ಬಿಸಿ ಏರಿದರೆ 5 ಘನ ಮಿ.ಮೀ.ಯಷ್ಟು ಹೆಚ್ಚಾಗುತ್ತದೆ. ಹಾಳೆ ಅಷ್ಟು ಉಬ್ಬಿ ಜಾಗ ಕೊಡಬೇಕು. ಕೊಡದಿದ್ದರೆ ಬಿಸಿಯೇ ಒತ್ತಡವಾಗಿ ಕಾಣುತ್ತದೆ. ಇದಕ್ಕೆ ಉಪಾಯ, ಚಿಪ್ಪಿನ ಸುತ್ತ ಸೆರಾಮಿಕ್ ಉಂಗುರ ಇಟ್ಟು ಎಣ್ಣೆಯ ಪ್ರಮಾಣವನ್ನೇ ತಗ್ಗಿಸುವುದು. ಎಣ್ಣೆಯನ್ನು ಮೊದಲು ನಿರ್ವಾತದಲ್ಲಿ ಬಿಸಿ ಮಾಡಿ ಗಾಳಿ, ತೇವ ತೆಗೆಯಬೇಕು, ತುಂಬುವುದೂ ನಿರ್ವಾತದಲ್ಲೇ. ಕೊನೆಗೆ ಒಂದು ಮಿ.ಮೀ. ತೂತಿಗೆ ಸ್ಟೀಲ್ ಗೋಲಿ ಒತ್ತಿ ಬೆಸೆಯುತ್ತಾರೆ. ಒಳಗೆ ಗಾಳಿಗುಳ್ಳೆ ಉಳಿದರೆ ಸಾಧನ ಅಳೆಯುತ್ತದೆ, ಆದರೆ ಕಡಿಮೆ ಒತ್ತಡದಲ್ಲಿ ಡೊಂಕು, ತಾಪಮಾನ ಬದಲಾದಾಗ ಇನ್ನೂ ಡೊಂಕು. ತೇವ ಉಳಿದರೆ ಬಿಸಿ ಜಾಗದಲ್ಲಿ ಅದು ಆವಿಯಾಗಿ ಹಾಳೆಯನ್ನು ಉಬ್ಬಿಸಿಬಿಡುತ್ತದೆ. ಮಳೆಗಾಲದಲ್ಲಿ ತುಂಬಿದ ಲಾಟುಗಳನ್ನು ಬೇರೆಯೇ ಗುರುತು ಹಾಕಿ 85 ಡಿಗ್ರಿಯಲ್ಲಿ ಎರಡು-ಮೂರು ದಿನ ಹೆಚ್ಚು ಇಟ್ಟು ನೋಡುವುದು ಒಳ್ಳೆಯ ಪದ್ಧತಿ.

ಸಂಕೇತವನ್ನು ಸರಿಪಡಿಸುವ ಐಸಿ, ಬೋರ್ಡಿನ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ, ಒಂದನ್ನು ಬಿಟ್ಟು. ಈ ಪ್ಲಾಸ್ಟಿಕ್ ಐಸಿಗಳ ಚೀಲದ ಮೇಲೆ ತೇವದ ದರ್ಜೆ 3 ಎಂದಿದ್ದರೆ, ಚೀಲ ಬಿಚ್ಚಿದ ಮೇಲೆ 30 ಡಿಗ್ರಿ, ಶೇ. 60 ತೇವದಲ್ಲಿ 168 ಗಂಟೆಯೊಳಗೆ ಬೆಸುಗೆ ಮುಗಿಯಬೇಕು. ನಮ್ಮಲ್ಲಿ ಶೇ. 60 ಎಲ್ಲಿದೆ! ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬಿಚ್ಚಿಟ್ಟ ಐಸಿ ಡಬ್ಬಿ ತೆರೆದಿಟ್ಟ ಹಪ್ಪಳದಂತೆ ತೇವ ಹೀರುತ್ತದೆ, ಬೆಸುಗೆಯ ಒಲೆಯಲ್ಲಿ ಆ ನೀರು ಒಮ್ಮೆಲೇ ಆವಿಯಾಗಿ ಪ್ಲಾಸ್ಟಿಕ್ಕಿನೊಳಗೆ ಪದರ ಬಿಚ್ಚುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಬಿಚ್ಚಿದ ಸಮಯ ಬರೆದಿಡಿ, ಮೀರಿದರೆ ಒಲೆಯಲ್ಲಿ ಒಣಗಿಸಿ ಬಳಸಿ.

ಕ್ಯಾಲಿಬ್ರೇಶನ್, ಅಂದರೆ ಗೊತ್ತಿರುವ ಒತ್ತಡ ಕೊಟ್ಟು ಸಾಧನದ ಅಳತೆಯನ್ನು ತಿದ್ದುವುದು, ಈ ವ್ಯವಹಾರದ ನಿಜವಾದ ಇಕ್ಕಟ್ಟು. ಪ್ರತಿಯೊಂದು ಸಾಧನವೂ ತನ್ನದೇ ರೀತಿಯಲ್ಲಿ ತಪ್ಪು ತೋರಿಸುತ್ತದೆ, ಪ್ರತಿಯೊಂದಕ್ಕೂ ತನ್ನದೇ ತಿದ್ದುಪಡಿಯ ಅಂಕಿಗಳನ್ನು ಐಸಿಯ ಮೆಮರಿಗೆ ಬರೆಯಬೇಕು. ಮೈನಸ್ 20, 25, 85 ಡಿಗ್ರಿ. ಪ್ರತಿ ತಾಪಮಾನದಲ್ಲಿ ಐದು ಒತ್ತಡ. ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಒತ್ತಡ ಬದಲಾಯಿಸಲು ನಿಮಿಷ ಸಾಕು. ಆದರೆ ಒಲೆಯ ಗಾಳಿ 85 ತಲುಪಿದರೂ ಸ್ಟೀಲಿನ ಒಳಗಿನ ಎಣ್ಣೆ ತಲುಪಲು ಗಂಟೆ ದಾಟುತ್ತದೆ. ಅವಸರ ಮಾಡಿದರೆ ತಪ್ಪು ತಾಪಮಾನಕ್ಕೆ ತಿದ್ದುಪಡಿ ಬರೆದಂತಾಗುತ್ತದೆ. ಒಂದು ಒಲೆಯಲ್ಲಿ ಅರವತ್ತು ಸಾಧನ ಹಿಡಿಸಿದರೆ ಒಂದು ಪಾಳಿಗೆ ಒಂದು ಸುತ್ತು. ಮೂರು ಸಾವಿರಕ್ಕೆ ಐವತ್ತು ಪಾಳಿ. ಆ ಎರಡು ವೇಫರಿನ ಚಿಪ್ಪುಗಳಿಗೆ! ಹಣ ಹಾಕುವುದಾದರೆ ದೊಡ್ಡ ಒಲೆಗೆ, ಹೆಚ್ಚು ಬಾಯಿಗಳ ಮ್ಯಾನಿಫೋಲ್ಡಿಗೆ, ಕರೆಂಟು ಹೋದರೂ ಒಲೆ ನಿಲ್ಲದಂಥ ಬ್ಯಾಕಪ್ಪಿಗೆ ಹಾಕಬೇಕು. 85 ಡಿಗ್ರಿಯ ನಡುವೆ ಕರೆಂಟು ಹೋಗಿ ಬಂದರೆ ಇಡೀ ಸುತ್ತು ಮೊದಲಿನಿಂದ.

ಒತ್ತಡಕ್ಕೆ ಆಧಾರ ಯಾವುದು ಎಂಬಲ್ಲಿ ನಮ್ಮೂರಿಗೇ ವಿಶೇಷವಾದ ಒಂದು ಗುಂಡಿಯಿದೆ. ಡೆಡ್‌ವೇಟ್ ಟೆಸ್ಟರಿನಲ್ಲಿ ಪಿಸ್ಟನ್ನಿನ ಮೇಲೆ ತೂಕ ಇಟ್ಟು ಒತ್ತಡ ಹುಟ್ಟಿಸುತ್ತೇವೆ. ತೂಕದ ಬಿಲ್ಲೆಗಳ ಮೇಲಿನ ಬಾರ್ ಗುರುತು ಸಾಮಾನ್ಯವಾಗಿ ಗುರುತ್ವ 9.80665 ಎಂಬ ಪ್ರಮಾಣ ಬೆಲೆಗೆ ಹೊಂದಿಸಿದ್ದು. ಭೂಮಧ್ಯರೇಖೆಯ ಹತ್ತಿರ ಗುರುತ್ವ ಕಡಿಮೆ. 13 ಡಿಗ್ರಿ ಅಕ್ಷಾಂಶದ ಆಸುಪಾಸಿನ ಮಂಗಳೂರು-ಉಡುಪಿಯಲ್ಲಿ ಸುಮಾರು 9.783. ವ್ಯತ್ಯಾಸ ಶೇ. 0.24. ಬಿಲ್ಲೆ 25 ಬಾರ್ ಎನ್ನುತ್ತದೆ, ಪಿಸ್ಟನ್ನಿನ ಕೆಳಗೆ ಇರುವುದು 24.94. ಶೇ. 0.1 ನಿಖರತೆಯ ಸಾಧನ ಮಾಡುತ್ತೇವೆನ್ನುವವರ ಆಧಾರವೇ ಅದರ ಎರಡು ಪಟ್ಟು ತಪ್ಪು! ಬಿಲ್ಲೆಗಳನ್ನು ಸ್ಥಳೀಯ ಗುರುತ್ವಕ್ಕೆ ಮಾಡಿಸಬೇಕು, ಇಲ್ಲವೇ ಗುಣಿಸಿ ತಿದ್ದಬೇಕು. ಪ್ರಮಾಣಪತ್ರ ಕೊಟ್ಟ ಪ್ರಯೋಗಾಲಯ ಎನ್‌ಎಬಿಎಲ್ ಮಾನ್ಯತೆ ಪಡೆದಿದ್ದರೂ, ಪತ್ರದಲ್ಲಿ ಯಾವ ಗುರುತ್ವಕ್ಕೆ ಎಂದು ಬರೆದಿದೆ ಓದಿ ನೋಡಿ. ಆಧಾರ ಉಪಕರಣ ಪರೀಕ್ಷಿಸುವ ಸಾಧನಕ್ಕಿಂತ ನಾಲ್ಕು ಪಟ್ಟು ನಿಖರವಾಗಿರಬೇಕೆಂಬ ರೂಢಿಯ ಮಾತಿಗೆ ಇದಾದ ಮೇಲೆಯೇ ಅರ್ಥ.

ಗ್ರಾಹಕನ ಜಾಗಕ್ಕೆ ತಕ್ಕಂತೆ ಆಯ್ಕೆಗಳು ಬದಲಾಗುತ್ತವೆ. ಐಸ್ ಪ್ಲಾಂಟಿನಲ್ಲಿ ಕಂಡೆನ್ಸರ್ 35 ಡಿಗ್ರಿಯಲ್ಲಿದ್ದರೆ ಅಮೋನಿಯಾದ ಒತ್ತಡ ನಿರಪೇಕ್ಷ ಲೆಕ್ಕದಲ್ಲಿ (ನಿರ್ವಾತದಿಂದ ಎಣಿಸಿದರೆ) 13.5 ಬಾರ್, 40ರಲ್ಲಿ 15.5. ಆ ಬದಿಗೆ 25 ಬಾರಿನ ಸಾಧನ ಸರಿ. ಹಿತ್ತಾಳೆಯ ಫಿಟ್ಟಿಂಗ್ ಒಂದೂ ಇರಬಾರದು, ತಾಮ್ರದ ಅಂಶವನ್ನು ಅಮೋನಿಯಾ ತಿಂದುಹಾಕುತ್ತದೆ. ಗೇರುಬೀಜ ಬೇಯಿಸುವ ಬಾಯ್ಲರಿನ ಹಬೆ 10 ಬಾರ್ ನಿರಪೇಕ್ಷ ಒತ್ತಡದಲ್ಲಿ 180 ಡಿಗ್ರಿ. ಸುರುಳಿ ಕೊಳವೆಯಲ್ಲಿ ನೀರು ನಿಲ್ಲಿಸಿ ಅದರ ತುದಿಗೆ ಸಾಧನ ಕೂರಿಸಬೇಕು, ಹಬೆ ನೇರವಾಗಿ ತಾಗಬಾರದು. ಬಂದರಿನಲ್ಲಿ ಸಮುದ್ರದ ನೀರಿನ ಪೈಪಿಗೆ 316ಎಲ್ ಸ್ಟೀಲ್ ಹಾಳೆ ಹಾಕಿದರೆ ಕ್ಲೋರೈಡ್ ಗುಳಿ ಕೊರೆದು 25 ಮೈಕ್ರಾನನ್ನು ಬೇಗ ದಾಟುತ್ತದೆ; ಅಲ್ಲಿ ಟೈಟಾನಿಯಮ್ಮೇ ಬೇಕು. ತೈಲ, ಅನಿಲ ಇರುವ ಅಪಾಯದ ವಲಯಕ್ಕಾದರೆ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆಯ ಕೇಂದ್ರ ಸಂಸ್ಥೆ) ಮಂಜೂರಾತಿ ಇಲ್ಲದೆ ಮಾತೇ ಇಲ್ಲ.

ಉಸಿರಾಟದ ಪ್ರಶ್ನೆ ಇದೆಲ್ಲಕ್ಕಿಂತ ಸೂಕ್ಷ್ಮ. ಗೇಜ್ ಸಾಧನ ಹೊರಗಿನ ಗಾಳಿಯ ಒತ್ತಡವನ್ನು ಕಳೆದು ಅಳೆಯಬೇಕಾದರೆ ಚಿಪ್ಪಿನ ಹಿಂಬದಿಗೆ ಹೊರಗಾಳಿ ತಲುಪಬೇಕು. ಬಿಸಿಲಿಗೆ ಕಾದ ಡಬ್ಬಿಯ ಮೇಲೆ ಮಳೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ; ನೀರು ಒಳಗೆ ಕಟ್ಟಿ ನಿಲ್ಲುತ್ತದೆ, ಹೊರಗೆ ಹೋಗುವುದಿಲ್ಲ. 25 ಬಾರಿನ ಸಾಧನಕ್ಕೆ ಈ ಉಸಿರಾಟವೇ ಬೇಡ. ವಾಯುಭಾರ ಹೆಚ್ಚೆಂದರೆ 20 ಮಿಲಿಬಾರ್ ಬದಲಾಗುತ್ತದೆ, ಅದು ಶೇ. 0.08; ಪೂರ್ತಿ ಮುಚ್ಚಿಬಿಡಿ. ಆದರೆ ತುಂಬೆಯ ಕಿಂಡಿ ಅಣೆಕಟ್ಟಿನಂಥ ಕಡೆ 6 ಮೀಟರ್ ನೀರಿನ ಮಟ್ಟ ಅಳೆಯುವುದಾದರೆ ಪೂರ್ಣ ಅಳತೆಯೇ 0.6 ಬಾರ್. ಅಲ್ಲಿ 10 ಮಿಲಿಬಾರ್ ಎಂದರೆ 10 ಸೆಂ.ಮೀ. ನೀರು. ಮುಚ್ಚಲು ಬರುವುದಿಲ್ಲ, ಕೇಬಲ್ಲಿನೊಳಗೆ ಸಣ್ಣ ಕೊಳವೆ, ಮೇಲಿನ ತುದಿಯಲ್ಲಿ ನೀರು ಬಿಡದೆ ಗಾಳಿ ಬಿಡುವ ಪೊರೆ, ಜೊತೆಗೆ ಸಿಲಿಕಾ ಜೆಲ್. ಜೆಲ್ಲಿನ ಬಣ್ಣ ನೋಡಿ ಬದಲಾಯಿಸುವ ಕೆಲಸ ಮೇ ತಿಂಗಳ ಕೊನೆಯ ವಾರದಲ್ಲಿ ಯಾರದ್ದು ಎಂದು ಒಪ್ಪಂದದಲ್ಲೇ ಬರೆಯಬೇಕು.

ಹಿಂದಕ್ಕೆ ಬಂದ ಸಾಧನಗಳನ್ನು ನೋಡುವುದಕ್ಕೆ ಒಂದು ಕ್ರಮ ಇರಲಿ. ಮೊದಲು ಬಿಚ್ಚಬೇಡಿ. ಪಿನ್ನುಗಳಿಗೂ ಸ್ಟೀಲ್ ಕವಚಕ್ಕೂ ನಡುವಿನ ಇನ್ಸುಲೇಶನ್ ಅಳೆಯಿರಿ. 100 ಮೆಗಾಓಮಿಗಿಂತ ಕಡಿಮೆ ಬಂದರೆ 85 ಡಿಗ್ರಿಯಲ್ಲಿ ಒಂದು ರಾತ್ರಿ ಒಣಗಿಸಿ ಮತ್ತೆ ಅಳೆಯಿರಿ. ಸರಿಯಾದರೆ ತೇವ ಎಲ್ಲಿಂದ ನುಗ್ಗಿತೆಂದು ಕೇಬಲ್ ಗ್ಲ್ಯಾಂಡಿನಿಂದ ಹುಡುಕಲು ಶುರು ಮಾಡಿ. ಸರಿಯಾಗದಿದ್ದರೆ, ಅಥವಾ ಒತ್ತಡಕ್ಕೆ ಮಂದವಾಗಿ ಸ್ಪಂದಿಸುತ್ತಿದ್ದರೆ, ಎಣ್ಣೆ ಸೋರಿರಬಹುದು. ಮೈಕ್ರೊಸ್ಕೋಪಿನ ಕೆಳಗೆ ಹಾಳೆಯ ಅಲೆಗಳ ತಗ್ಗಿನಲ್ಲಿ ಗುಳಿ ಇದೆಯೇ, ಗೋಲಿಯ ಸುತ್ತ ಒದ್ದೆ ಇದೆಯೇ ನೋಡಿ. ಹಾಳೆಯ ನಡುವೆ ಗೆರೆ ಬಿದ್ದಿದ್ದರೆ ಯಾರೋ ಸ್ಕ್ರೂಡ್ರೈವರಿನಿಂದ ಕೆಸರು ಕೆರೆದಿದ್ದಾರೆ. ಸೊನ್ನೆ ಸರಿಯಿದ್ದು ಒತ್ತಡಕ್ಕೆ ಏನೂ ಬದಲಾಗದಿದ್ದರೆ ಪೈಪಿನ ತೂತು ಮುಚ್ಚಿದೆ, ಸಾಧನದ ತಪ್ಪಿಲ್ಲ. ಸೊನ್ನೆಯೇ ತುದಿಗೆ ಹೋಗಿ ನಿಂತಿದ್ದರೆ ಪಂಪ್ ನಿಲ್ಲಿಸಿದಾಗಿನ ನೀರಿನ ಹೊಡೆತಕ್ಕೆ ಸಿಲಿಕಾನ್ ಒಡೆದಿರಬಹುದು. ಅದಕ್ಕೆ ಮುಂದೆ ಸಣ್ಣ ತೂತಿನ ಸ್ನಬ್ಬರ್ ಹಾಕಿ ಕಳಿಸಿ. ಕಂಡದ್ದನ್ನು ಸೀರಿಯಲ್ ನಂಬರಿನ ಎದುರು, ವೇಫರ್, ಎಣ್ಣೆಯ ಲಾಟ್, ತುಂಬಿದ ತಿಂಗಳು, ಕ್ಯಾಲಿಬ್ರೇಶನ್ ಒಲೆ ಇವುಗಳ ಪಕ್ಕದಲ್ಲೇ ಬರೆಯಿರಿ. ಜೂನ್-ಜುಲೈಯಲ್ಲಿ ತುಂಬಿದವೇ ಹೆಚ್ಚು ಮರಳಿ ಬರುತ್ತಿವೆಯೆಂದು ಆ ಪಟ್ಟಿಯಲ್ಲಿ ಕಂಡರೆ, ದೂರು ಹೋಗಬೇಕಾದ್ದು ಫ್ಯಾಬಿಗಲ್ಲ, ಕೋಣೆಯ ಗಾಳಿ ಒಣಗಿಸುವ ನಿಮ್ಮದೇ ಏರ್ ಹ್ಯಾಂಡ್ಲರಿನ ಕಾಯಿಲ್‌ಗೆ.